ನಾಗ ಮರಕಾಲನ ಕುದುರೆ ತಿಳಿ

ನಾಗ ಮರಕಾಲನನ್ನು ಊರಿನವರು ಕುದ್ರಿ ನಾಗ ಅಂತಲೇ ಕರೆಯುತ್ತಿದ್ದರು. ಕುಂದಾಪುರದ ಕೋಡಿಯಲ್ಲಿ, ಬಲೆ ಎಳೆಯುವ ಮನೆಯಲ್ಲಿ ಹುಟ್ಟಿ ಕುದುರೆಯ ಹೆಸರು ಹೊತ್ತವನು ಅವನೊಬ್ಬನೇ. ಮೊನ್ನೆ ಪೇಟೆಯಲ್ಲಿ ಇಬ್ಬರು ಆ ಹೆಸರು ಎತ್ತಿ ಕಿಸಕ್ಕನೆ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ನಾನು ಕೋಟದ ಶಾಮರಾಯ, ಕುಂದಾಪುರದಲ್ಲಿ ಪ್ರೇಮಾನಂದ ಡಾಕ್ಟರ ಷಾಪಿನಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದವ. ನಕ್ಕವರ ಹತ್ತಿರ ಜಗಳ ಮಾಡುವ ವಯಸ್ಸು ನನ್ನದಲ್ಲ. ಆದರೆ ಆ ಹೆಸರಿನ ಹಿಂದೆ ಏನಿತ್ತು ಅಂತ ಗೊತ್ತಿರುವವರಲ್ಲಿ ಇನ್ನು ಉಳಿದವನು ನಾನೊಬ್ಬನೇ. ಅದಕ್ಕೆ ಬರೆಯುತ್ತೇನೆ.

ನಾಗ ಹದಿನೆಂಟನೇ ವಯಸ್ಸಿಗೆ ಹೊಟ್ಟೆಪಾಡಿಗೆ ಬೊಂಬಾಯಿಗೆ ಹೋದ. ಅಲ್ಲಿ ಹಾವಿನ ವಿಷಕ್ಕೆ, ಗಂಟಲು ಕಟ್ಟುವ ಕಾಯಿಲೆಗೆ ಸೀರಂ ತಯಾರಿಸುವ ಒಂದು ಲ್ಯಾಬೊರೇಟರಿ. ಅದರ ಲಾಯದಲ್ಲಿ ಐವತ್ತು ಅರುವತ್ತು ಕುದುರೆ. ಮೊದಲು ಲದ್ದಿ ಬಾಚುವ ಕೆಲಸ, ನಾಲ್ಕು ವರ್ಷ ಕಳೆದ ಮೇಲೆ ಒಳಗಿನ ಕೆಲಸ. ಓದು ಮೂರನೇ ಕ್ಲಾಸು ಅಷ್ಟೇ, ಆದರೆ ಕಣ್ಣು ಚುರುಕು, ಕೈ ಅದಕ್ಕಿಂತ ಚುರುಕು. ಕುದುರೆಗೆ ಮೊದಲು ಸಾಸಿವೆಯಷ್ಟು ವಿಷ ಚುಚ್ಚುತ್ತಾರಂತೆ, ಆಮೇಲೆ ವಾರ ವಾರ ಹೆಚ್ಚಿಸುತ್ತ ಹೋಗುತ್ತಾರಂತೆ. ಕುದುರೆ ಸಾಯದೆ ಗಟ್ಟಿಯಾಯಿತೋ, ಅದರ ಕುತ್ತಿಗೆಯ ನರದಿಂದ ನೆತ್ತರು ತೆಗೆದು ಗಾಜಿನ ಜಾಡಿಯಲ್ಲಿ ಇಡುತ್ತಾರೆ. ನೆತ್ತರು ಹೆಪ್ಪುಗಟ್ಟಿ ತಳಕ್ಕೆ ಕೂರುತ್ತದೆ, ಮೇಲೆ ಹಳದಿ ನೀರು ನಿಲ್ಲುತ್ತದೆ. ಅದೇ ಸೀರಂ.

"ಗಂಜಿ ಇಟ್ರೆ ಮೇಲ್ ತಿಳಿ ನಿತ್ಕಂತಲ್ದಾ ರಾಯ್ರೇ, ಹಾಂಗೇ" ಅನ್ನುತ್ತಿದ್ದ ನಾಗ. ಅವನ ಬಾಯಲ್ಲಿ ಅದು ಯಾವತ್ತೂ ಸೀರಂ ಅಲ್ಲ, ಕುದುರೆ ತಿಳಿ. ಆ ತಿಳಿಗೆ ಒಂದು ಬಗೆಯ ಉಪ್ಪು ಹಾಕಿದರೆ ಹಾಲು ಒಡೆದ ಹಾಗೆ ಬಿಳಿ ಗಷ್ಟು ಕೂರುತ್ತದಂತೆ. ನೆತ್ತರಿನ ಪ್ರೋಟೀನು ಅಂದರೆ ಅದು, ವಿಷ ಕೊಲ್ಲುವ ಶಕ್ತಿಯೆಲ್ಲ ಇರುವುದು ಅದರಲ್ಲೇ ಅಂತ ನನಗೆ ತಿಳಿಸಿಕೊಟ್ಟವನು ಈ ಮರಕಾಲ. ನಾನು ಸಾಲಿಗ್ರಾಮದಲ್ಲಿ ಇಂಗ್ಲಿಷ್ ಓದಿದವ. ಮೀನು ಹಿಡಿಯುವವನಿಂದ ಪಾಠವೇ ಅಂತ ನನಗೆ ಉರಿಯುತ್ತಿತ್ತು. ಆದರೂ ಕಿವಿಗೊಟ್ಟು ಕೇಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅವನು ಊರಿಗೆ ವಾಪಸು ಬಂದದ್ದು ನಲವತ್ತೆರಡನೇ ಇಸವಿಯಲ್ಲಿ. ಜಪಾನಿನವರು ಬಾಂಬು ಹಾಕುತ್ತಾರೆ ಅಂತ ಬೊಂಬಾಯಿಯೇ ಗಂಟುಮೂಟೆ ಕಟ್ಟಿದ ವರ್ಷ ಅದು. ಜೊತೆಗೆ ಹೆಂಡತಿ ಮುತ್ತು, ಹದಿಮೂರು ವರ್ಷದ ಒಬ್ಬಳೇ ಮಗಳು ವನಜ. ಆಮೇಲೆ ನಾಗ ಪುನಃ ಬಲೆಗೆ ಕೈ ಹಾಕಿದ. ಆದರೆ ಮನಸ್ಸು ಇದ್ದದ್ದು ನಮ್ಮ ಷಾಪಿನಲ್ಲಿ. ವಾರಕ್ಕೆ ಎರಡು ಸಲ ಬಂದು ಬೆಂಚಿನ ಮೇಲೆ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ. ಮಂಗಳೂರಿನಿಂದ ಹಾವಿನ ವಿಷದ ಸೀರಂ ತರಿಸಿ ಇಡಿ ಅಂತ ಡಾಕ್ಟರ ಬೆನ್ನು ಬಿದ್ದವನೂ ಅವನೇ. ತಂದ ಮೇಲೆ ಬಿಸಿಗೆ ಹಾಳಾಗದ ಹಾಗೆ ಒದ್ದೆ ಮರಳಿನ ಮಡಕೆಯಲ್ಲಿ ಹುಗಿದು ಇಡಲು ಕಲಿಸಿದವನೂ ಅವನೇ.

ವನಜಳೂ ಡಾಕ್ಟರ ಮನೆಗೆ ಮೀನು ಕೊಡಲು ಬರುತ್ತಿದ್ದಳು. ಬಾಯಿ ಬಡಕಿ. "ನಿಮ್ ಮದ್ದ್ ಎಲ್ಲ ಒಂದೇ ಬಣ್ಣ ಅಲ್ದಾ ರಾಯ್ರೇ? ಬಾಟ್ಲಿಗ್ ಮಾತ್ರ ಬೇರೆ ಬೇರೆ ಚೀಟಿಯಾ?" ಅಂತ ನನ್ನನ್ನೇ ಆಡಿಕೊಳ್ಳುತ್ತಿದ್ದಳು. ಅವಳು ಬಂದ ದಿನ ರೋಗಿಗಳಿಗೂ ಅರ್ಧ ಕಾಯಿಲೆ ಇಳಿಯುತ್ತಿತ್ತು.

ಒಂದು ದಿನ ನಾಗ ಗಂಭೀರವಾಗಿ ಒಂದು ಮಾತು ಹೇಳಿದ. ಲ್ಯಾಬೊರೇಟರಿಯಲ್ಲಿ ಗಿನಿಪಿಗ್ ಅಂತ ಬಾಲವಿಲ್ಲದ ಒಂದು ಇಲಿಯನ್ನು ಸಾಕುತ್ತಿದ್ದರಂತೆ. ಅದಕ್ಕೆ ಕುದುರೆ ತಿಳಿ ಒಂದು ತೊಟ್ಟು ಚುಚ್ಚಿದರೆ ಏನೂ ಆಗುವುದಿಲ್ಲ, ಹುಲ್ಲು ತಿಂದುಕೊಂಡು ಆರಾಮ ಇರುತ್ತದೆ. ಮೂರು ವಾರ ಬಿಟ್ಟು ಅದೇ ತಿಳಿ ಇನ್ನೊಮ್ಮೆ ಚುಚ್ಚಿದರೆ ಮೂಗು ಉಜ್ಜಿಕೊಳ್ಳುತ್ತದೆ, ಕೆಮ್ಮುತ್ತದೆ, ಐದು ನಿಮಿಷದಲ್ಲಿ ಬಿದ್ದು ಸಾಯುತ್ತದೆ.

"ಮೈ ಒಂದ್ ಸಲ ಕಂಡದ್ದನ್ನ ಗುರ್ತ್ ಇಟ್ಕಂತ್ ರಾಯ್ರೇ. ಎರಡ್ನೇ ಸಲ ಬಂದ್ರೆ ಕಳ್ಳ ಬಂದ ಅಂತ ಮನಿಗೇ ಬೆಂಕಿ ಹಾಕತ್ತ್. ಮನುಷ್ಯರಿಗೂ ಹಾಂಗೇ, ಎಲ್ಲರಿಗಲ್ಲ, ಕೆಲವ್ರಿಗೆ. ಅದ್ಕೇ ಸೂಜಿ ಕುತ್ತುಕೆ ಮುಂಚೆ ಕೇಣ್ಕ್, ಹಿಂದೆ ಯಾವತ್ತಾರೂ ಹಾಕಿರಾ ಅಂತ. ಹೌದ್ ಅಂದ್ರೆ ತೊಟ್ಟ್ ತೊಟ್ಟೇ, ತಡ ಮಾಡಿ ಮಾಡಿ ಕೊಡ್ಕ್. ಕೇಣದೆ ಕುತ್ತುಕಾಗ." ಕೇಳದೆ ಸೂಜಿ ಚುಚ್ಚಲೇಬಾರದು ಅನ್ನುವುದು ಅವನ ಕಟ್ಟಪ್ಪಣೆ.

ಇಷ್ಟು ತಿಳಿದವನು ಒಂದು ಸಂಗತಿಯನ್ನು ನನ್ನಿಂದಲೂ ಮುಚ್ಚಿಟ್ಟಿದ್ದ. ನನಗೆ ಆಮೇಲೆ ತಿಳಿದದ್ದು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಬೊಂಬಾಯಿಯಲ್ಲಿ ವನಜಳಿಗೆ ಆರು ವರ್ಷವಾಗಿದ್ದಾಗ ಗಂಟಲಲ್ಲಿ ಬಿಳಿ ಪೊರೆ ಕಟ್ಟಿ ಉಸಿರು ನಿಲ್ಲುವ ಹಾಗಾಗಿತ್ತು. ಲ್ಯಾಬೊರೇಟರಿಯ ಡಾಕ್ಟರೇ ಕುದುರೆ ತಿಳಿ ಚುಚ್ಚಿ ಬದುಕಿಸಿದ್ದರು. ಮಗು ಉಳಿದದ್ದೇ ಅದರಿಂದ.

ಊರಿಗೆ ಬಂದ ಮೇಲೆ ಅವಳಿಗೆ ಬೈಂದೂರಿನಿಂದ ಒಂದು ಸಂಬಂಧ ಬಂತು. ಮುತ್ತು ಪಾಪದ ಹೆಂಗಸು. ಮಗಳು ಹೇಗೆ ಸಾವಿನ ಬಾಯಿಂದ ಬಂದಳು ಅಂತ ಗಂಡಿನ ಕಡೆಯವರ ಮುಂದೆ ಹೆಮ್ಮೆಯಿಂದ ಹೇಳಿಬಿಟ್ಟಳು. ಎಲೆ ಅಡಿಕೆ ಹಾಕುತ್ತಿದ್ದವರ ಬಾಯಿ ಅಲ್ಲಿಗೇ ನಿಂತಿತು. "ಕುದ್ರಿ ನೆತ್ರ್ ಮೈಗೆ ಹೋದ ಹೆಣ್ಣನ್ನ ಬೊಬ್ಬರ್ಯನ ಮುಂದೆ ನಿಲ್ಸುದ್ ಹ್ಯಾಂಗ್?" ಅಂತ ಒಬ್ಬ ಮುದುಕ ಕೇಳಿದ. ಬೊಬ್ಬರ್ಯ ಅಂದರೆ ಅವರ ಕುಲದ ದೈವ. ಸಂಬಂಧ ಮುರಿಯಿತು.

ಅವತ್ತು ನಾಗ ಮಗಳನ್ನು ಎದುರಿಗೆ ಕೂರಿಸಿಕೊಂಡ. ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿದ. "ಯಾರ್ ಕೇಂಡ್ರೂ ಇಲ್ಲೆ ಅನ್ಕ್. ಹೇಳ್ರೆ ನಿನ್ ಅಪ್ಪಯ್ಯ ಸಾಯ್ತ." ತಲೆ ಮುಟ್ಟಿದ ಆಣೆ ತಪ್ಪಿದರೆ ಆ ತಲೆ ಉರುಳುತ್ತದೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಡಾಕ್ಟರು ಕೇಳಿದರೆ ಮಾತ್ರ ಹೇಳು ಅಂತ ಒಂದು ಮಾತು ಸೇರಿಸಬೇಕಿತ್ತು. ಎರಡನೇ ಸೂಜಿಯ ಅಪಾಯವನ್ನು ನಮಗೆ ಕಲಿಸಿದವನೇ ಅವನು, ಅವನಿಗೇ ಆ ಹೊತ್ತಿಗೆ ಹೊಳೆಯಲಿಲ್ಲ. ಮಗಳ ಮದುವೆಯ ಚಿಂತೆ ಎಂಥ ಬುದ್ಧಿವಂತನನ್ನೂ ಕುರುಡು ಮಾಡುತ್ತದೆ.

ನಲವತ್ತೈದರಲ್ಲಿ ವನಜಳನ್ನು ಗುಲ್ವಾಡಿಗೆ ಕೊಟ್ಟರು. ಹೊಳೆ ಬದಿಯ ಮನೆ. ಗಂಡ ಕರಿಯ ಗಂಗೊಳ್ಳಿಯಿಂದ ಕಡಲಿಗೆ ಹೋಗುವವ, ಅತ್ತೆ ಸೀತು ಮೀನು ಮಾರುವವಳು, ಮಾತು ಒರಟು. ಸೊಸೆಯನ್ನು ಹೇಗೆ ನೋಡಿಕೊಳ್ಳುತ್ತಾಳೋ ಅಂತ ನಾಗನಿಗೆ ಒಳಗೊಳಗೆ ಅಳುಕು. ಆದರೆ ವನಜ ಮೈ ಕೈ ತುಂಬಿಕೊಂಡು ನಗುನಗುತ್ತಲೇ ಬಂದು ಹೋಗುತ್ತಿದ್ದಳು.

ಮರುವರ್ಷ ಮಳೆಗಾಲ ಮುಗಿದ ಹೊತ್ತು. ಬೆಳಿಗ್ಗೆ ಭತ್ತ ಬೇಯಿಸಲು ಒಲೆಗೆ ಅಂತ ಒಟ್ಟಿದ ತೆಂಗಿನ ಮಡಲು ಎಳೆಯುವಾಗ ಕನ್ನಡಿ ಹಾವು, ಅಂದರೆ ಮಂಡಲದ ಹಾವು, ಅವಳ ಕಾಲಿಗೆ ಕಚ್ಚಿತು. ಕರಿಯ ಕಡಲಲ್ಲಿ. ಸೀತು ನೆರೆಮನೆಯ ಇಬ್ಬರನ್ನು ಕರೆದುಕೊಂಡು ದೋಣಿಯಲ್ಲಿ ಮಲಗಿಸಿ ಹೊಳೆಯಲ್ಲೇ ಕುಂದಾಪುರಕ್ಕೆ ತಂದಳು. ನಮ್ಮ ಷಾಪಿಗೆ ಬಂದಾಗ ಮಧ್ಯಾಹ್ನ ಹನ್ನೆರಡು. ಕಾಲು ಮೊಣಕಾಲಿನವರೆಗೆ ಬಾತಿತ್ತು, ಒಸಡಿನಲ್ಲಿ ನೆತ್ತರು ಒಸರುತ್ತಿತ್ತು. ನಾನು ಅವಳ ನೆತ್ತರು ಒಂದಿಷ್ಟು ಗಾಜಿನ ನಳಿಗೆಯಲ್ಲಿ ಹಿಡಿದು ನಿಲ್ಲಿಸಿದೆ. ಹೆಪ್ಪೇ ಕಟ್ಟಲಿಲ್ಲ, ನೀರಿನ ಹಾಗೆ ಅಲ್ಲಾಡುತ್ತಿತ್ತು. ವಿಷ ನೆತ್ತರಿಗೆ ಇಳಿದಿದೆ ಅಂತ ಅರ್ಥ. ಕೋಡಿಗೆ ಆಳು ಓಡಿಸಿದೆವು, ನಾಗನನ್ನು ಕರೆದು ತರಲು.

ಪ್ರೇಮಾನಂದ ಡಾಕ್ಟರು ಸೀರಂ ಸಿರಿಂಜಿಗೆ ಎಳೆದುಕೊಂಡರು. "ಶಾಮರಾಯರೇ, ಹಿಂದೆ ತೆಗೆದುಕೊಂಡಿದ್ದಾಳೋ ಕೇಳಿ" ಅಂದರು.

ನಾನು ಕೇಳಿದೆ. ಅತ್ತೆ ತಲೆ ಹತ್ತಿರ ನಿಂತಿದ್ದಳು, ನೆರೆಯವರು ಕಾಲ ಹತ್ತಿರ. ಅವರನ್ನು ಹೊರಗೆ ಕಳಿಸಿ ಕೇಳಬೇಕು ಅಂತ ನನ್ನ ಮಂಡೆಗೆ ಬರಲಿಲ್ಲ. ಎಲ್ಲರೆದುರೇ, ದೊಡ್ಡ ದನಿಯಲ್ಲಿ ಕೇಳಿದೆ. "ಏ ವನಜಾ, ಮುಂಚೆ ಯಾವತ್ತಾರೂ ನಿಂಗ್ ಕುದ್ರಿ ನೆತ್ರಿನ್ ಸೂಜಿ ಹಾಕಿರಾ?"

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಆಮೇಲೆ ಅತ್ತೆಯ ಕಡೆ ನೋಡಿದಳು.

"ಅಪ್ಪಯ್ಯ ಬಂದ್ರಾ ರಾಯ್ರೇ?"

"ಬತ್ರ್ ಮಗಾ, ಆಳ್ ಹೋಯಿತ್. ನೀ ಹೇಳ್, ಹಾಕಿರಾ?"

"ಇಲ್ಲೆ" ಅಂದಳು.

ನಾನು ಡಾಕ್ಟರಿಗೆ ಇಲ್ಲವಂತೆ ಅಂದೆ. ಅವರು ನರಕ್ಕೆ ಚುಚ್ಚಿದರು.

ಸೂಜಿ ತೆಗೆದು ಎರಡು ನಿಮಿಷ ಆಗಿರಬಹುದು. ವನಜ ಮೂಗು ಉಜ್ಜಿಕೊಂಡಳು. ಅದನ್ನು ಕಂಡದ್ದೇ ನನಗೆ ನಾಗ ಹೇಳಿದ ಗಿನಿಪಿಗ್ ನೆನಪಾಯಿತು. ಅಂಗೈ ತುರಿಕೆ ಅಂದಳು. ಮುಖದ ಮೇಲೆ ದದ್ದು ಎದ್ದವು, ತುಟಿ ಊದಿತು, ಉಸಿರು ಸಿಳ್ಳೆಯ ಹಾಗೆ ಎಳೆಯತೊಡಗಿತು. ಡಾಕ್ಟರು ಅಡ್ರಿನಲಿನ್ ಕೊಟ್ಟರು, ಇನ್ನೊಮ್ಮೆ ಕೊಟ್ಟರು, ಎದೆ ಒತ್ತಿದರು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಎಂತದೂ ಆಗಲಿಲ್ಲ. ಹದಿನೇಳು ವರ್ಷದ ಹುಡುಗಿ ನಮ್ಮ ಕೈಯಲ್ಲೇ ಹೋದಳು.

ನಾಗ ಕೋಡಿಯಿಂದ ಓಡಿಕೊಂಡೇ ಬಂದ, ಮೈಯೆಲ್ಲ ಮರಳು. ಮಗಳ ಮುಖ ನೋಡಿದ. ಊದಿದ ತುಟಿ ಮುಟ್ಟಿದ, ಕುತ್ತಿಗೆಯ ದದ್ದಿನ ಮೇಲೆ ಬೆರಳಾಡಿಸಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಇದ್ ಹಾವ್ ಕಚ್ಚಿ ಸತ್ತದ್ದಲ್ಲ" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ರಾಯ್ರೇ, ನೀವ್ ಕೇಣಿಲ್ಯಾ?"

"ಕೇಂಡೆ ನಾಗ. ದೇವರಾಣೆ ಕೇಂಡೆ. ಇಲ್ಲೆ ಅಂದ್ಲ್."

ಅವನು ಗೋಡೆಗೆ ಒರಗಿದ. ಆಮೇಲೆ ಎಲ್ಲರೆದುರು ಹೇಳಿದ, ಬೊಂಬಾಯಿಯ ಗಂಟಲು ಕಾಯಿಲೆಯಿಂದ ಹಿಡಿದು ತಲೆ ಮುಟ್ಟಿಸಿಕೊಂಡ ಆಣೆಯವರೆಗೆ, ಒಂದನ್ನೂ ಬಿಡದೆ. "ನಾನ್ ಸಾಯ್ತೆ ಅಂತ ಹೆದ್ರಿ ಇಲ್ಲೆ ಅಂದ್ಲ್ ನನ್ ಮಗು. ನನ್ ಜೀವ ಉಳ್ಸುಕೆ ಅವ್ಳ್ ಹೋದ್ಲ್" ಅಂತ ಎದೆ ಎದೆ ಬಡಿದುಕೊಂಡ. ಆಮೇಲೆ ಸೀತುವಿನ ಮುಂದೆ ಕೈ ಮುಗಿದು ನಿಂತ. "ನಿಮ್ಗೆ ಮುಚ್ಚಿಟ್ಟ್ ಮೋಸ ಮಾಡ್ದೆ ತಂಗೀ. ಗೊತ್ತಾದ್ರೆ ಅವ್ಳನ್ನ ಹಿಂದೆ ಕಳ್ಸ್ತ್ರಿ ಅಂತ ಹೆದ್ರಿದೆ."

ಸೀತು ಅಲ್ಲಿಯವರೆಗೂ ಸೊಸೆಯ ಕಾಲ ಹತ್ತಿರ ಕೂತು ಅವಳ ಪಾದ ತಿಕ್ಕುತ್ತಿದ್ದಳು, ಇನ್ನೂ ಬಿಸಿ ಬರುತ್ತದೆ ಅನ್ನುವ ಹಾಗೆ. ತಲೆ ಎತ್ತದೆಯೇ ಮಾತಾಡಿದಳು.

"ನಂಗ್ ಗೊತ್ತಿತ್ತ್ ಅಣ್ಣಾ. ಬೈಂದೂರಿನವ್ರ್ ಮದುವಿಗೆ ಮುಂಚೆಯೇ ಬಂದ್ ಹೇಳಿದ್ರ್. ಕುದ್ರಿ ನೆತ್ರೋ ಆನಿ ನೆತ್ರೋ, ನಂಗ್ ಎಂತ, ಹೆಣ್ಣ್ ಒಳ್ಳೇದ್ ಅಂತ ತಂದ್ಕಂಡದ್ದ್. ಈ ರಾಯ್ರ್ ಕೇಂಬತಿಗೂ ಹೌದ್ ಅಂತ ನನ್ ನಾಲ್ಗಿ ತುದಿಗ್ ಬಂದಿತ್ತ್. ಅವ್ಳೇ ಇಲ್ಲೆ ಅಂದ್ಲ್. ನಾಲ್ಕ್ ಜನದ್ ಮುಂದೆ ಸೊಸಿ ಮರ್ಯಾದಿ ತೆಗುದ್ ಎಂತಕೆ ಅಂತ ನಾನೂ ಬಾಯ್ ಮುಚ್ಕಂಡ್ ನಿಂತೆ."