ನೈವೇದ್ಯಕ್ಕಿಟ್ಟ ಹಸಿರೆಲೆಯ ಬಿಸ್ಕಿಟ್ಟು

ಈ ದೇಶದಲ್ಲಿ ಕಾಯಂ ನೆಲೆಸಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ಇನ್ನೂ ತೀರ್ಮಾನವಾಗದೆ ಕೂತಿದ್ದ ಕಾಲದಲ್ಲಿ ನಾನು ಖಾಲಿ ರಸ್ತೆಯನ್ನೂ ಸಿಗ್ನಲ್ ಹಸಿರಾಗುವವರೆಗೆ ಕಾದೇ ದಾಟುತ್ತಿದ್ದೆ. ಪೊಲೀಸ್ ದಾಖಲೆಯಲ್ಲಿ ಒಂದು ಚುಕ್ಕೆ ಬಿದ್ದರೂ ಇಡೀ ಸಂಸಾರ ಹುಬ್ಬಳ್ಳಿಗೆ ವಾಪಸ್ಸು ಎಂಬುದು ನನ್ನ ಸ್ವಂತ ಸಂಶೋಧನೆ. ಹೆಂಡತಿ ಅದನ್ನು ಕಾಯಿಲೆ ಎನ್ನುತ್ತಿದ್ದಳು.

ಆಗಲೇ ಮೆಲ್ಬರ್ನ್‌ನ ನನ್ನ ತಮ್ಮ, ಆಫೀಸಿನ ಕೆಲಸಕ್ಕೆ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಬಂದವನು, ಗಿರಾವೀನ್‌ನ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದ. ಊರಿನಿಂದ ಬಂದು ನಮ್ಮ ಜೊತೆಗಿದ್ದ ಅವ್ವನ ಕೈಗೆ ಒಂದು ಬಿಸ್ಕಿಟ್ ಡಬ್ಬಿ ಕೊಟ್ಟ. ಮಡಿಯವರು ಒಪ್ಪಲಿಕ್ಕಿಲ್ಲ, ಆದರೆ ಮನೆಗೆ ಬಂದದ್ದೆಲ್ಲ ಮೊದಲು ದೇವರ ಮುಂದೆ ಹೋಗಬೇಕೆಂಬುದು ಅವ್ವನ ಪದ್ಧತಿ. ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಕೀಲಿಯೂ ಹೋಗಿತ್ತು. ಡಬ್ಬಿಯ ಮೇಲೆ ದೊಡ್ಡ ಹಸಿರೆಲೆಯ ಚಿತ್ರ. ಹಸಿರು ಗುರುತಿದ್ದರೆ ಸಸ್ಯಾಹಾರವೆಂದು ಊರಿನ ಪೊಟ್ಟಣಗಳಿಂದ ಕಲಿತಿದ್ದ ಅವ್ವ, ಬೆಳಿಗ್ಗೆಯೇ ನೈವೇದ್ಯ ಮಾಡಿ, ತಾನೊಂದು ತಿಂದು, ಉಳಿದದ್ದನ್ನು ಸಂಜೆ ಹಂಚಲೆಂದು ಬೆಳ್ಳಿ ತಟ್ಟೆಯಲ್ಲಿ ಜೋಡಿಸಿದ್ದಳು.

ನಾನು ಆ ಎಲೆಯನ್ನು ನೋಡಿದೆ. ಬೆರಳು ಬೆರಳಾಗಿ ಹರಡಿದ ಎಲೆ.

"ಏನೋ ಇದು?"

"ಟೆನ್ಶನ್ ತಗೋಬ್ಯಾಡ ಅಣ್ಣಾ. ಟೂರಿಸ್ಟ್ ಐಟಂ. ಬರೇ ಗಾಂಜಾ ಬೀಜದ ಹಿಟ್ಟು, ಏನೂ ಏರೂದಿಲ್ಲ."

"ಏರ್‌ಪೋರ್ಟಿನ್ಯಾಗ ಹೇಳಿದಿ?"

"ಫಾರ್ಮಿನ್ಯಾಗ ಬಿಸ್ಕಿಟ್ ಅಂತ ಬರದಿದ್ದೆ. ಅಲ್ಲಾ, ಬಿಸ್ಕಿಟ್ಟ ಅಲ್ಲೇನು?"

ಆಮೇಲೆ ಆಮ್‌ಸ್ಟರ್‌ಡ್ಯಾಮಿನ ಕಾನೂನನ್ನು ವಿವರಿಸಿದ. ಗಾಂಜಾ ಅಲ್ಲಿಯೂ ಕಾನೂನುಬದ್ಧವಲ್ಲ. ಆದರೆ ಕಾಫಿ ಶಾಪ್ ಎಂಬ ಫಲಕದ ಅಂಗಡಿಗಳು ಸ್ವಲ್ಪ ಸ್ವಲ್ಪ ಮಾರಿದರೆ ಪೊಲೀಸರು ಸುಮ್ಮನಿರುತ್ತಾರೆ. ಅದೇ ಸರಕು ಹಿಂಬಾಗಿಲಿನಿಂದ ಅಂಗಡಿಗೆ ಬರುವುದು ಮಾತ್ರ ಅಪರಾಧ. ಮಾಲು ಆಕಾಶದಿಂದ ಉದುರುತ್ತದೆಂದು ಸರ್ಕಾರವೇ ನಂಬಿದಂತಿತ್ತು.

"ಊರವ್ರು ಆ ಕಡೆ ಹೊಳ್ಳಿ ನೋಡೂದಿಲ್ಲ. ಸೈಕಲ್ ಹೊಡಕೊಂತ ಆಫೀಸಿಗೆ ಹೋಗ್ತಾರ. ಬಾಯಿ ತಕ್ಕೊಂಡು ನಿಲ್ಲೂದು ನಮ್ಮಂಥಾ ಟೂರಿಸ್ಟರು," ಎಂದ ತಮ್ಮ.

"ಭಂಗಿ ಹೌದಲ್ಲೋ?" ಅವ್ವ ನಡುವೆ ಬಾಯಿ ಹಾಕಿದಳು. "ನಿಮ್ಮಜ್ಜ ಶಿವರಾತ್ರಿಗೆ ಹಾಲಿನ್ಯಾಗ ಅರದು ಕುಡೀತಿದ್ದ. ಪೊಲೀಸರೂ ಬಾಜೂಕ ಕೂತು ಕುಡೀತಿದ್ರು."

ಅಜ್ಜನಿಗೆ ಪಿಆರ್ ಬೇಕಿರಲಿಲ್ಲ. ನನಗೆ ಗೊತ್ತಿದ್ದ ಮಟ್ಟಿಗೆ ಇಲ್ಲಿ ಇಂಥದ್ದನ್ನು ಇಟ್ಟುಕೊಳ್ಳುವುದು ಒಂದು ತಪ್ಪು, ಹಂಚುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಪೂಜೆಯ ತಿರುಳೇ ಹಂಚುವುದು. ಅದೂ ಎಪ್ಪಿಂಗ್, ಟೂಂಗಾಬಿಯಂಥ ಸುತ್ತಲಿನ ಬಡಾವಣೆಗಳಿಂದ ಮಕ್ಕಳುಮರಿ ಕಟ್ಟಿಕೊಂಡು ಬರುವವರಿಗೆ. ಅವರಲ್ಲಿ ಅರ್ಧ ಮಂದಿ ನನ್ನ ಹಾಗೆಯೇ ಪಿಆರ್ ಕಾಯುತ್ತಿದ್ದವರು. ಹಂಚಲು ಬಿಡುವುದಿಲ್ಲವೆಂದು ತಟ್ಟೆ ಎತ್ತಿಕೊಂಡೆ.

"ಕಸದ ಡಬ್ಬಿಗೆ ಹಾಕ್ತೀನಿ."

"ಪ್ರಸಾದ ಐತಿ ಅದು! ಕಸಕ್ಕ ಹಾಕ್ತಿ? ನನ್ನೂ ಅದರಾಗ ಹಾಕು," ಎಂದಳು ಅವ್ವ.

"ಹಂಗಾರ ಹಳ್ಳಕ್ಕ ಬಿಡ್ತೀನಿ."

"ಕೌನ್ಸಿಲ್‌ನವ್ರು ಫೈನ್ ಹಾಕ್ತಾರೆ ರೀ," ಎಂದಳು ಬೆಂಗಳೂರಿನ ನನ್ನ ಹೆಂಡತಿ, ಅಡಿಗೆಮನೆಯಿಂದಲೇ.

ಅವ್ವನ ಮುಖವನ್ನೂ ನಡುನಡುವೆ ಪರೀಕ್ಷಿಸುತ್ತಿದ್ದೆ. ತಾನಾಗಿ ನಗುತ್ತಿದ್ದಳು, ದೇವರನಾಮ ಗುನುಗುತ್ತಿದ್ದಳು. ಆದರೆ ಅದು ದಿನದ ಅಭ್ಯಾಸ. ಅಮಲಿನ ಲಕ್ಷಣವೆಂದು ಹೇಳಲಾಗದು.

ಕೊನೆಗೆ ಹೇಳಿದೆ: "ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಬರ್ತೀನಿ."

ತಮ್ಮ ಸೋಫಾದಿಂದ ಎದ್ದೇ ಬಿಟ್ಟ. "ಯಾರೂ ಹುಡುಕಲಾರದ ಕಳ್ಳ ತಾನ ಹೋಗೂದು ಇದ ಮೊದಲ ನೋಡೂದು. ಪಿಆರ್ ಪಿಆರ್ ಅಂತ ಸಾಯ್ತಿ, ನೀನ ಹೋಗಿ ಹೆಸರು ಬರಸ್ತಿ?"

"ನಾಳೆ ಯಾರರ ಕೇಳಿದ್ರ ನನ್ನ ಮುಖಾನ ಎಲ್ಲಾ ಹೇಳ್ತದ. ಅದಕ್ಕಿಂತ ಬಾಯಿ ಹೇಳಲಿ, ನಡಿ."

ಬಿಸ್ಕಿಟ್ಟುಗಳನ್ನು ಮತ್ತೆ ಡಬ್ಬಿಗೆ ತುಂಬಿದೆ. ಅವ್ವನೂ ಹೊರಟಳು, ಪ್ರಸಾದ ಯಾರ ಕೈ ಸೇರುತ್ತದೆಂದು ನೋಡಲು. ಕೌಂಟರಿನಲ್ಲಿ ಪೊಲೀಸ್ ಸಮವಸ್ತ್ರದ ಒಬ್ಬ ಹುಡುಗಿಯಿದ್ದಳು. ಡಬ್ಬಿಯನ್ನು ಅವಳ ಮುಂದಿಟ್ಟು, ತಮ್ಮನ ಪ್ರಯಾಣದಿಂದ ಅವ್ವನ ನೈವೇದ್ಯದವರೆಗೆ ಎಲ್ಲವನ್ನೂ ಬೆವರುತ್ತಾ ಹೇಳಿದೆ.

"ಕೈ ತೊಳಕೊಂಡು ಮುಟ್ಟು ಅನ್ನು," ಎಂದಳು ಅವ್ವ. ಅದನ್ನೂ ಅನುವಾದಿಸಿದೆ. ಹುಡುಗಿ ನಗದೆ ಹೊಸ ಕೈಗವಸು ಹಾಕಿಕೊಂಡಳು.

ಡಬ್ಬಿಯನ್ನು ತಿರುಗಿಸಿ ಓದಿ, ಇದರಲ್ಲಿ ಅಮಲು ಇದ್ದಂತಿಲ್ಲ, ಆದರೂ ಈ ಬೀಜವನ್ನು ಇಲ್ಲಿ ಇನ್ನೂ ಆಹಾರವಾಗಿ ಮಾರುವಂತಿಲ್ಲ, ನಾವೇ ನಾಶ ಮಾಡುತ್ತೇವೆ ಎಂದಳು.

"ಏನಂತ?" ಎಂದಳು ಅವ್ವ.

"ವಿಸರ್ಜನೆ ಮಾಡ್ತಾರಂತ."

ಅವ್ವ ಕೈಮುಗಿದಳು. ಹುಡುಗಿ ನೀವಿನ್ನು ಹೋಗಬಹುದು ಎಂದಳು. ಬೇಕಿದ್ದರೆ ಹೆಸರು ಬರೆಸಬಹುದು, ಕಡ್ಡಾಯವೇನಿಲ್ಲ. ತಮ್ಮ ಹಿಂದಿನಿಂದ ಅಂಗಿ ಜಗ್ಗಿದ. ನಾನು ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ವಿಳಾಸ ಹೇಳಿದೆ, ಅವಳು ಕೇಳದಿದ್ದರೂ ನಮ್ಮ ವೀಸಾ ಯಾವುದೆಂದೂ ಹೇಳಿದೆ.

ಸಂಜೆ ಬಂದವರಿಗೆಲ್ಲ ಶಿರಾ ಹಂಚಿದೆ.

ಪಿಆರ್ ಬಂತು. ಬಿಸ್ಕಿಟ್ಟಿನ ಬಗ್ಗೆ ಯಾರೂ, ಯಾವತ್ತೂ ಏನೂ ಕೇಳಲಿಲ್ಲ. ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದೆ, ಸ್ವಲ್ಪ ಬೇಜಾರೇ ಆಯಿತು.