ದನಿ ಏರಿಸದ ತಂಪಣ್ಣ

ಆ ದರ್ಜಿಯನ್ನು ಬೀದಿಯವರೆಲ್ಲ ತಂಪಣ್ಣ ಎಂದೇ ಕರೆಯುತ್ತಿದ್ದರು. ಬಟ್ಟೆ ಕತ್ತರಿಸಿದ ಮೇಲೆ ಗಿರಾಕಿ ಅಳತೆ ಬದಲಿಸಿದರೂ ಅವನು ದನಿ ಏರಿಸುತ್ತಿರಲಿಲ್ಲ. ಹೆಂಡತಿ ಮಕ್ಕಳ ಮೇಲೆ ಒಮ್ಮೆಯೂ ಕೈ ಮಾಡಿದವನಲ್ಲ ಎಂಬುದು ಅವನ ಹೆಮ್ಮೆ. ಹಾಗಾಗಿ, ಮಗಳು ತರಗತಿಯ ಹುಡುಗಿಯೊಬ್ಬಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾಳೆ ಎಂದು ಶಾಲೆಯಿಂದ ಕರೆ ಬಂದಾಗ, ಹೆಂಡತಿಯೊಡನೆ ಹೋದವನು ಅದನ್ನು ನಂಬಲೇ ಇಲ್ಲ.

"ನಮ್ಮನೇಲಿ ಬೈಗುಳಾನೇ ಇಲ್ಲ ಮೇಡಂ. ಇವಳು ಯಾರಿಗೆ ಹೊಡೀತಾಳೆ?"

"ಹೊಡೆದಿಲ್ಲ ಟೈಲರ್ ಅವರೇ," ಎಂದರು ಟೀಚರ್. "ಆ ಹುಡುಗಿ ಜೊತೆ ಯಾರೂ ಮಾತಾಡಬಾರದು ಅಂತ ಇಡೀ ಕ್ಲಾಸಿಗೆ ಹೇಳಿಟ್ಟಿದಾಳೆ. ಪಾಪ, ಆ ಮಗು ಊಟ ಬಿಡ್ತು, ಈಗ ಶಾಲೆಗೇ ಬರ್ತಿಲ್ಲ."

ಅವನು ಪಕ್ಕದಲ್ಲಿ ನಿಂತಿದ್ದ ಮಗಳತ್ತ ತಿರುಗಿದ. "ಯಾಕೆ ಪುಟ್ಟಿ ಹಿಂಗೆ ಮಾಡ್ದೆ?"

ಮಗಳಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ನನ್ನ ಪೆನ್ನು ಮುರಿದ್ಲಲ್ಲಪ್ಪ. ತಪ್ಪಾಯ್ತು ಅಂತ ಇನ್ನೂ ಹೇಳಿಲ್ಲ. ಅಮ್ಮ ತಪ್ಪಾಯ್ತು ಅನ್ನೋವರೆಗೂ ಮನೇಲಿ ನಾವೂ ಅಮ್ಮನ್ನ ಮಾತಾಡ್ಸಲ್ವಲ್ಲ, ಹಂಗೇನೆ."

ಅಂಗಡಿಯ ಬೀಗದ ಕೈ ಕಳೆದಳೆಂದು ಅವನು ಹೆಂಡತಿಯೊಡನೆ ಮಾತು ಬಿಟ್ಟು ವಾರವಾಗಿತ್ತು. ಮಕ್ಕಳು ಅವಳನ್ನು ಮಾತಾಡಿಸಹೋದರೆ ಕಣ್ಣಲ್ಲೇ ತಡೆಯುತ್ತಿದ್ದ. ಅದನ್ನು ಅವನು ಇಷ್ಟು ವರ್ಷ ತನ್ನ ತಾಳ್ಮೆ ಎಂದುಕೊಂಡಿದ್ದ.

"ಹೌದೇನಮ್ಮ?" ಎಂದು ಟೀಚರ್ ತಾಯಿಯನ್ನು ಕೇಳಿದರು.

ಆಕೆ ಬಾಯಿ ತೆರೆದವಳು ತಡೆದು, ಗಂಡನ ಮುಖ ನೋಡಿದಳು. ಅಮ್ಮ ಈಗ ಮಾತಾಡಬಹುದೇ ಎಂಬಂತೆ ಮಗಳೂ ಅವನನ್ನೇ ನೋಡಿದಳು.

"ಹೇಳು," ಎಂದ ಹೆಂಡತಿಗೆ, ತಡವರಿಸುತ್ತಾ. "ಇದ್ದದ್ದನ್ನ ಇದ್ದಂಗೆ ಹೇಳ್ಬಿಡು."