ದೇವಮ್ಮನ ಕೋಟಿನ ಕಿಸೆ

ಪುತ್ತೂರು ಪೇಟೆಯ ಹೊರಗಿದ್ದ ಗೇರುಬೀಜದ ಕಾರ್ಖಾನೆಯಲ್ಲಿ ನೂರಾರು ಹೆಂಗಸರು ಕೆಲಸ ಮಾಡುತ್ತಿದ್ದರು. ಅವರಲ್ಲಿ ಕಿಸೆ ಇದ್ದದ್ದು ದೇವಮ್ಮ ಒಬ್ಬಳಿಗೇ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಲ್ಲುಗುಂಡಿಯಲ್ಲಿ ಹುಟ್ಟಿ, ಪುತ್ತೂರಿಗೆ ಮದುವೆಯಾಗಿ ಬಂದು, ಬೇಗನೆ ಗಂಡನನ್ನು ಕಳೆದುಕೊಂಡ ದೇವಮ್ಮ ಅದುವರೆಗೆ ಊರಿನ ಎಲ್ಲ ಹೆಂಗಸರಂತೆ ತನ್ನ ಸೊತ್ತನ್ನು ಸೆರಗಿನ ಗಂಟಿನಲ್ಲೋ ಸೊಂಟದ ಮಡಿಕೆಯಲ್ಲೋ ಇಟ್ಟುಕೊಂಡು ಬದುಕಿದವಳು. ಒಮ್ಮೆ ಉಪ್ಪಿನಂಗಡಿಯಲ್ಲಿ ಹೊಳೆಗಿಳಿದಾಗ ಮನೆಯ ಬೀಗದಕೈ ಸೊಂಟದಿಂದ ಜಾರಿ ನೀರುಪಾಲಾಗಿತ್ತು. ಅತ್ತೆ ಸಾಯುವವರೆಗೂ ಅದನ್ನು ಮರೆತಿರಲಿಲ್ಲ.

ಕಾರ್ಖಾನೆಯ ಗೇಟಿನ ಕೆಲಸ ಸಿಕ್ಕಿದಾಗ ಸೀರೆಯ ಮೇಲೆ ಹಾಕಿಕೊಳ್ಳಲು ಅವಳಿಗೊಂದು ಖಾಕಿ ಕೋಟು ಕೊಟ್ಟರು. ಅದಕ್ಕೆ ಎರಡೂ ಬದಿಯಲ್ಲಿ ಕೈ ಮುಳುಗುವಷ್ಟು ಆಳದ ಕಿಸೆಗಳು. ಒಂದರಲ್ಲಿ ಗೇಟಿನ ಬೀಗದಕೈ, ಇನ್ನೊಂದರಲ್ಲಿ ಎಲೆಅಡಿಕೆ. ಏನೂ ಬೇಡದಿದ್ದಾಗಲೂ ಅವಳ ಕೈ ತಾನಾಗಿ ಹೋಗಿ ಅದರೊಳಗೆ ಕೂರುತ್ತಿತ್ತು.

ಕೆಲಸ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಸಂಜೆ ಹೆಂಗಸರು ಸಾಲಾಗಿ ಬಂದು ಕೈ ಎತ್ತಿ ನಿಲ್ಲುತ್ತಿದ್ದರು. ಯಾರೂ ಗೇರುಬೀಜದ ತಿರುಳನ್ನು ಒಯ್ಯುತ್ತಿಲ್ಲವೆಂದು ದೇವಮ್ಮ ತುರುಬಿನಿಂದ ಸೀರೆಯ ಅಂಚಿನವರೆಗೆ ಸವರಿ ನೋಡಬೇಕು. ಕೈಗೆ ಏನಾದರೂ ಸಿಕ್ಕಿದರೆ "ಉಂಟು!" ಎಂದು ಕೂಗಬೇಕು. ಆಗ ಲೆಕ್ಕ ನೋಡುವ ರೈಟರ್ ತೀರ್ಥರಾಮರು ಎದ್ದು ಬರುತ್ತಿದ್ದರು.

"ದೇವಕ್ಕ, ನನ್ನ ಸೊಂಟದಲ್ಲಿ ಎಂತದೂ ಇಲ್ಲ, ಎಲುಬು ಮಾತ್ರ ಇರುದು. ಬೇಕಾದ್ರೆ ಒಂದೆರಡು ನೀವೇ ಇಟ್ಕೊಳ್ಳಿ," ಎಂದು ಯಾರಾದರೂ ಹೇಳಿದರೆ ಇಡೀ ಸಾಲು ನಗುತ್ತಿತ್ತು. ದೇವಮ್ಮನೂ ನಗುತ್ತಿದ್ದಳು.

ಆ ಹೆಂಗಸರಲ್ಲಿ ಸಾಲಿ ಎಂಬ ಹುಡುಗಿಯೊಬ್ಬಳಿದ್ದಳು, ಅವಳಿಗೆ ಆಗ ಹದಿನೇಳು. ಅವಳ ಮನೆಯವರು ಕೇರಳದಿಂದ ಬಂದು ಕಡಬದ ಹತ್ತಿರ ರಬ್ಬರ್ ತೋಟ ಇಟ್ಟವರು. ಅವಳು ಪುತ್ತೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಿದ್ದಳು. ಉದ್ದ ಲಂಗ, ರವಿಕೆ, ಕಡಿಮೆ ಮಾತು. ದೇವಮ್ಮನ ಕೋಟೆಂದರೆ ಅವಳಿಗೆ ಆಸೆ.

"ನನಗೂ ಒಂದು ಕಿಸೆ ಇದ್ದಿದ್ರೆ ಅಕ್ಕ."

"ನಿಂಗೆ ಎಂತಕ್ಕೆ? ಇಡ್ಲಿಕ್ಕೆ ಎಂತ ಉಂಟು?"

ಸಾಲಿ ನಾಚಿಕೊಂಡು ನಕ್ಕಳು.

ಆ ಮಳೆಗಾಲದಲ್ಲಿ ತಿರುಳಿನ ತೂಕ ಕಡಿಮೆ ಬಂತು. ತೀರ್ಥರಾಮರು ದೇವಮ್ಮನನ್ನು ಕರೆದು, "ಇನ್ನೊಮ್ಮೆ ನಿಮ್ಮ ಕೈ ತಪ್ಪಿಸಿ ಹೊರಗೆ ಹೋದ್ರೆ, ಕೋಟು ಇಲ್ಲಿ ಬಿಚ್ಚಿಟ್ಟು ಮನೆಗೆ ಹೋಗ್ಬಹುದು ನೀವು," ಎಂದರು.

ಅದೇ ವಾರ ಸಾಲಿಯ ಸೊಂಟದ ಬಲಕ್ಕೆ, ಲಂಗದ ಒಳಗಡೆ, ದೇವಮ್ಮನ ಕೈಗೆ ಒಂದು ಗಂಟು ಸಿಕ್ಕಿತು. ಮಡಿಕೆಯಲ್ಲಿ ಸಿಕ್ಕಿಸಿದ್ದಲ್ಲ, ಹೊಲಿದ ಕಿಸೆಯೊಳಗೆ ಇದ್ದದ್ದು. ಸಾಲಿ ಬಾಗಿ ಅವಳ ಕಿವಿಯಲ್ಲಿ, "ಚೇಚೀ, ಇಲ್ಲಿ ಬೇಡ. ಆಚೆ ಹೋಗುವ," ಎಂದಳು. ಗಾಬರಿಯಲ್ಲಿ ಅಕ್ಕ ಎನ್ನುವ ಮಾತು ಅವಳ ಮನೆಯ ಮಲಯಾಳದಲ್ಲೇ ಬಂದಿತ್ತು. ಆಚೆ ತೆಂಗಿನ ಮಡಲಿನ ತಟ್ಟಿಯ ಮರೆಯೊಂದಿತ್ತು, ದೂರವೇನಲ್ಲ. ದೇವಮ್ಮ ಅದನ್ನು ನೋಡಿದಳು. ಆಮೇಲೆ ಕೋಟಿನ ನೆನಪಾಯಿತು.

"ಉಂಟು!" ಎಂದು ಕೂಗಿದಳು.

ತೀರ್ಥರಾಮರು ಬಂದರು. "ಕಿಸೆಯಾ? ಗಂಟು ಕಟ್ಟಿದವಳು ಮರೆತು ಕಟ್ಟಿರ್ಬಹುದು. ಕಿಸೆ ಹೊಲಿದವಳು ಯೋಚನೆ ಮಾಡಿಯೇ ಹೊಲಿದದ್ದು. ತೆಗೀರಿ, ಮೇಜಿನ ಮೇಲೆ ಇಡಿ."

ದೇವಮ್ಮ ತೆಗೆದು ಇಟ್ಟಳು. ಬಾಳೆಲೆಯ ಸಣ್ಣ ಕಟ್ಟು. ಬಿಚ್ಚಿದವಳೂ ಅವಳೇ. ಒಳಗಿದ್ದದ್ದು ತೊಳೆದು ಹಿಂಡಿ ಮಡಚಿದ ಹಳೆಯ ಬಟ್ಟೆಯ ತುಂಡು. ಎಷ್ಟು ತೊಳೆದರೂ ಅದರ ಕಲೆ ಪೂರ್ತಿ ಹೋಗಿರಲಿಲ್ಲ.

ದೇವಮ್ಮನವರ ಕಡೆ ತಿಂಗಳ ಆ ಮೂರು ದಿನ ಹೆಂಗಸರು ಹೊರಗೆ ಕೂರುವುದು, ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಅಂಥದ್ದೊಂದು ಬಟ್ಟೆ ಗೇಟಿನವರೆಗೆ ಬರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಸಾಲಿಯ ಮನೆಯಲ್ಲಿ ಆ ಕಟ್ಟಳೆ ಇಲ್ಲ. ಅವಳು ಎಲ್ಲ ದಿನವೂ ಬರುತ್ತಿದ್ದಳು. ಬದಲಾಯಿಸಿದ್ದನ್ನು ಒಣಗಿಸಿಡಲು ಕಾರ್ಖಾನೆಯಲ್ಲಿ ಜಾಗವಿಲ್ಲ, ಸೆರಗಿಗೆ ಕಟ್ಟಿಕೊಳ್ಳಲು ಸೆರಗಿಲ್ಲ. ಕಿಸೆಯಲ್ಲಿ ಇಡಲು ಎಂತ ಉಂಟು ಎಂಬ ಪ್ರಶ್ನೆಗೆ ಉತ್ತರ ಮೇಜಿನ ಮೇಲಿತ್ತು.

"ತೆಗೀರಿ ಮಾರಾಯ್ತಿ ಅದನ್ನು!" ತೀರ್ಥರಾಮರು ಗೋಡೆಯ ಕಡೆ ತಿರುಗಿಬಿಟ್ಟರು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಲಿ ತಾನೇ ಬಂದು ಬಾಳೆಲೆಯನ್ನು ಮೊದಲಿನಂತೆಯೇ ಮಡಚಿ ಕಟ್ಟಿ, ಎತ್ತಿಕೊಂಡು ಹೋದಳು. ಓಡಲಿಲ್ಲ. ಓಡಿದ್ದರೆ ದೇವಮ್ಮನಿಗೆ ನೋಡಲು ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಮರುದಿನ ಹೆಂಗಸರ ಬಟ್ಟೆಯಲ್ಲಿ ಕಿಸೆ ಇರಕೂಡದೆಂದು ಅಪ್ಪಣೆಯಾಯಿತು. ಸಾಲಿ ಹೊಲಿಗೆ ಬಿಚ್ಚಿ ಕಿಸೆ ತೆಗೆದು ಬಂದಿದ್ದಳು. ಲಂಗದ ಮೇಲೆ ಸೂಜಿ ಹೋದ ತೂತುಗಳು ಸಾಲಾಗಿ ಉಳಿದಿದ್ದವು. ಪ್ರತಿ ಸಂಜೆ ದೇವಮ್ಮನ ಬೆರಳು ಅವುಗಳ ಮೇಲೆ ಹಾದುಹೋಗುತ್ತಿತ್ತು. ಸಾಲಿ ಕೈ ಎತ್ತಿ ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ತಪ್ಪಾಯಿತೆಂದು ಹೇಳಲು ದೇವಮ್ಮ ದಿನವೂ ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಹಿಂದಿನವಳು ಮುಂದೆ ಬಂದಿರುತ್ತಿದ್ದಳು.

ಕೊನೆಗೆ ಒಂದು ಮಧ್ಯಾಹ್ನ ಬಾವಿಕಟ್ಟೆಯಲ್ಲಿ, ಸಾಲಿಗೂ ಕೇಳಿಸುವ ಹಾಗೆ, ಎಲ್ಲರಿಗೂ ಹೇಳಿದಳು: "ಅಂಥದ್ದು ಎಂತಾದ್ರೂ ಇದ್ರೆ ನನ್ನ ಕೋಟಿನಲ್ಲಿ ಹಾಕಿ. ಗೇಟಿನಿಂದ ಆಚೆ ಕೊಡ್ತೇನೆ. ನನ್ನನ್ನು ಮುಟ್ಟಿ ನೋಡುವವರು ಯಾರೂ ಇಲ್ಲವಲ್ಲ."

ಮೊದಲು ಯಾರೂ ಬರಲಿಲ್ಲ. ಆಮೇಲೆ ಒಬ್ಬಳು ಬಂದಳು, ನಂತರ ಇನ್ನೊಬ್ಬಳು. ಎಲೆಅಡಿಕೆಯ ಕಿಸೆ ಎಲ್ಲರದ್ದಾಯಿತು. ಹೊರಗೆ ಕೂರುತ್ತಿದ್ದ ಕೆಲವರು ಮನೆಯಲ್ಲಿ ಬಾಯಿ ಬಿಡದೆ ಆ ದಿನಗಳಲ್ಲೂ ಕೆಲಸಕ್ಕೆ ಬರತೊಡಗಿದರು. "ದೇವಕ್ಕ ಈಗ ಅಂಚೆಡಬ್ಬ," ಎಂದು ತಮಾಷೆ ಮಾಡಿದರು.

ಸಾಲಿ ಮಾತ್ರ ಆ ಕಿಸೆಯ ಹತ್ತಿರ ಬರಲಿಲ್ಲ. ಒಂದು ದಿನವೂ ತಪ್ಪಿಸದೆ ಬರುತ್ತಿದ್ದ ಹುಡುಗಿ ಈಗ ತಿಂಗಳಿಗೆ ಮೂರು ದಿನ ರಜೆ ಮಾಡುತ್ತಿದ್ದಳು.

ಎರಡು ವರ್ಷದ ನಂತರ ಅವಳಿಗೆ ಮದುವೆ ಗೊತ್ತಾಯಿತು. ಕೆಲಸದ ಕೊನೆಯ ಸಂಜೆ ಅವಳ ಸರದಿ ಬಂದಾಗ ದೇವಮ್ಮ ಕೈ ಕೆಳಗಿಳಿಸಿದಳು.

"ಹೋಗು ಮಗಾ. ನಿನ್ನನ್ನು ನೋಡುದು ಬೇಡ."

"ಎಲ್ಲರನ್ನೂ ನೋಡ್ತೀರಲ್ಲ. ನನ್ನನ್ನೂ ನೋಡಿ," ಎಂದು ಸಾಲಿ ಕೈ ಎತ್ತಿದಳು.

ದೇವಮ್ಮ ತುರುಬಿನಿಂದ ಶುರುಮಾಡಿದಳು. ಅದೇ ಹಳೆಯ ಲಂಗ. ಸೊಂಟದ ಬಲಕ್ಕೆ, ಆ ಸೂಜಿಯ ತೂತುಗಳ ಮೇಲೆ ಬಂದಾಗ ಕೈ ಮುಂದೆ ಹೋಗಲಿಲ್ಲ.

"ಎಂತ ಅಕ್ಕ, ಉಂಟಾ?" ಎಂದು ಸಾಲಿ ಕೇಳಿದಳು. ಅಷ್ಟು ಸಮಯದ ಮೇಲೆ ಅವಳು ದೇವಮ್ಮನ ಮುಖ ನೋಡಿದ್ದು ಆಗಲೇ.

"ಇಲ್ಲ," ಎಂದಳು ದೇವಮ್ಮ.

ಸಾಲಿ ಕೈ ಇಳಿಸಿ ಗೇಟು ದಾಟಿದಳು. ಹಿಂದೆ ನಿಂತಿದ್ದವಳು ಮುಂದೆ ಬಂದು ಕೈ ಎತ್ತಿದಳು.